ಕ್ಯಾಂಟನ್ ಊರಿನ ಹುಚ್ಚಾಸ್ಪತ್ರೆ, ಝೂನಿ ಮಕ್ಕಳ ಪಾಠ

ಅಮೆರಿಕದ ಮೂಲನಿವಾಸಿಗಳು ಮನಸ್ಸಿನ ಕಾಯಿಲೆಯನ್ನು ಮುಚ್ಚಿಡುತ್ತಾರೆ ಅಂದರೆ ಸಾಕು, ‘ಪಾಪ, ತಿಳಿವಳಿಕೆ ಇಲ್ಲ, ಮೂಢನಂಬಿಕೆ’ ಅಂದುಬಿಡುತ್ತಾರೆ. ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ದಕ್ಷಿಣ ಡಕೋಟದ ಕ್ಯಾಂಟನ್ ಊರಿನಲ್ಲಿ 1902ರಲ್ಲಿ ಅಮೆರಿಕ ಸರ್ಕಾರ ಮೂಲನಿವಾಸಿಗಳಿಗೆಂದೇ ಒಂದು ಹುಚ್ಚಾಸ್ಪತ್ರೆ ತೆರೆಯಿತು. ಅಧಿಕಾರಿಗಳ ಜೊತೆ ಜಗಳ ಆಡಿದವರನ್ನೂ ಅಲ್ಲಿಗೆ ಸಾಗಿಸುತ್ತಿದ್ದರು. ಸ್ಯಾಮ್ಯುಯೆಲ್ ಸಿಲ್ಕ್ ಎಂಬ ವೈದ್ಯರು ತಪಾಸಣೆಗೆ ಹೋದಾಗ ಸರಪಳಿ ಹಾಕಿಸಿಕೊಂಡ ರೋಗಿಗಳನ್ನು ಕಂಡರು, ಕಾಯಿಲೆಯ ಲಕ್ಷಣವೇ ಇಲ್ಲದವರೂ ಅಲ್ಲಿ ಬಹಳ ಮಂದಿ ಇದ್ದರು. 1934ರಲ್ಲಿ ಬಾಗಿಲು ಹಾಕುವಷ್ಟರಲ್ಲಿ ಕನಿಷ್ಠ 121 ಜನ ಅಲ್ಲೇ ಸತ್ತಿದ್ದರು. ಅವರನ್ನು ಹೂತ ಜಾಗ ಇವತ್ತು ಗಾಲ್ಫ್ ಮೈದಾನದ ನಡುವೆ ಇದೆ. ಆ ನೆನಪು ಇರುವ ಮನೆಯ ಅಜ್ಜಿ ‘ಡಾಕ್ಟರ ಮುಂದೆ ಬಾಯಿ ಬಿಡಬೇಡ ಮಗಾ’ ಅಂದರೆ ಅದು ಮೂಢನಂಬಿಕೆ ಹೇಗಾಗುತ್ತದೆ?

ಹಾಗಾದರೆ ಮನಸ್ಸಿನ ಕಾಯಿಲೆಗೆ ಅಂಟಿದ ಈ ಕಳಂಕವನ್ನು ಪಾಠ ಹೇಳಿ ಕಳೆಯಬಹುದಾ? ಖಂಡಿತ ಕಳೆಯಬಹುದು, ಆದರೆ ಯಾವ ಪಾಠ ಅನ್ನುವುದು ಮುಖ್ಯ. ‘ಇದು ಜೀನ್‌ನ, ಮಿದುಳಿನ ರಾಸಾಯನಿಕದ ತೊಂದರೆ’ ಎಂದು ಹೇಳಿಕೊಟ್ಟರೆ ‘ಅವನದೇ ತಪ್ಪು’ ಅನ್ನುವವರು ಕಡಿಮೆಯಾಗುತ್ತಾರೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಇನ್ನೊಂದು ವಿಷಯವೂ ಕಂಡಿದೆ: ‘ಇವನು ಇನ್ನು ಸರಿಹೋಗಲ್ಲ’ ಅನ್ನುವ ಭಾವನೆ ಅದರ ಜೊತೆಗೇ ಜಾಸ್ತಿಯಾಗುತ್ತದೆ. ಒಡೆದ ಹಾಲನ್ನು ಯಾರೂ ಬೈಯುವುದಿಲ್ಲ, ಸುಮ್ನೆ ಚೆಲ್ಲುತ್ತಾರೆ. ಬೀಜವೇ ಜೊಳ್ಳು ಅಂದ ಮೇಲೆ ಯಾರು ನೀರು ಹಾಯಿಸುತ್ತಾರೆ? ಅದೇ ಕಾಲು ಉಳುಕಿದವನನ್ನು ನೋಡಿ. ಹೆಗಲು ಕೊಡುತ್ತೇವೆ, ನಾಲ್ಕು ದಿನದಲ್ಲಿ ಓಡಾಡುತ್ತಾನೆ ಅಂತ ನಂಬಿರುತ್ತೇವೆ, ಅಲ್ವಾ? ಮನಸ್ಸಿನ ನೋವಿಗೂ ಆ ನಂಬಿಕೆ ಬೇಕು. ಅದೂ ‘ನಿಮ್ಮ ರಕ್ತವೇ ಕೀಳು’ ಎಂದು ತಲೆಮಾರುಗಟ್ಟಲೆ ಕೇಳಿಸಿಕೊಂಡ ಜನರಿಗೆ ಮತ್ತೆ ಹುಟ್ಟಿನ ಮಾತೇ ಹೇಳಿದರೆ ಹೇಗಿರುತ್ತದೆ ಯೋಚಿಸಿ.

ನ್ಯೂ ಮೆಕ್ಸಿಕೋದ ಝೂನಿ ಎಂಬ ಮೂಲನಿವಾಸಿ ಜನ ಬೇರೆ ದಾರಿ ಹಿಡಿದರು. ಎಳೆಯರ ಆತ್ಮಹತ್ಯೆಗಳಿಂದ ಕಂಗೆಟ್ಟು, ಮನಶ್ಶಾಸ್ತ್ರಜ್ಞೆ ತೆರೆಸಾ ಲಾಫ್ರಾಂಬಾಯ್ಸ್ ಅವರ ಜೊತೆ ಕೂತು ತಮ್ಮ ಹೈಸ್ಕೂಲಿಗೆ ತಮ್ಮದೇ ರೀತಿನೀತಿಗೆ ಹೊಂದುವ ಪಾಠ ಸಿದ್ಧಮಾಡಿದರು. ಸಿಟ್ಟನ್ನು ಹೇಗೆ ತಡೆದುಕೊಳ್ಳುವುದು, ಗೆಳತಿ ‘ಸಾಯಬೇಕು ಅನ್ನಿಸುತ್ತೆ’ ಅಂದರೆ ಏನು ಕೇಳುವುದು, ಯಾವ ದೊಡ್ಡವರ ಹತ್ತಿರ ಕರೆದುಕೊಂಡು ಹೋಗುವುದು, ಇದನ್ನೆಲ್ಲ ಮಕ್ಕಳು ಕ್ಲಾಸಿನಲ್ಲೇ ನಾಟಕದ ಹಾಗೆ ಆಡಿ ಆಡಿ ಕಲಿತರು. 1995ರಲ್ಲಿ ಫಲಿತಾಂಶ ಪ್ರಕಟವಾಯಿತು. ಪಾಠ ಕಲಿತ ಮಕ್ಕಳಲ್ಲಿ ಹತಾಶೆ ಉಳಿದವರಿಗಿಂತ ಕಡಿಮೆ ಇತ್ತು. ಕಷ್ಟದಲ್ಲಿರುವ ಗೆಳೆಯನ ಪಕ್ಕ ಕೂತು ಮಾತಾಡುವುದೂ ಅವರಿಗೆ ಚೆನ್ನಾಗಿ ಬರುತ್ತಿತ್ತು.