ಹರಳು ಅಸಲಿಯೋ ಅಲ್ಲವೋ: ಮನೆಯಲ್ಲಿ ಎಷ್ಟು ತಿಳಿಯಬಹುದು?

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯಿಂದ ನನ್ನ ಹತ್ತಿರ ಮಾಣಿಕ್ಯ ತರುವವರು ಅದನ್ನು ಮೊದಲೇ ಹಾಲಿಗೆ ಹಾಕಿ ನೋಡಿರುತ್ತಾರೆ. ಅಸಲಿಯಾದರೆ ಹಾಲು ಕೆಂಪಾಗಿ ಕಾಣುತ್ತದೆ ಎಂಬ ನಂಬಿಕೆ. ಕೆಂಪು ಗಾಜು ಹಾಕಿದರೂ ಹಾಗೆಯೇ ಕಾಣಬಹುದು. ದಯವಿಟ್ಟು ಇದನ್ನು ನಂಬಿ ದುಡ್ಡು ಕೊಡಬೇಡಿ.

ಗಾಜನ್ನು ಮಾತ್ರ ಎಷ್ಟೋ ಸಲ ಮನೆಯಲ್ಲೇ ಹಿಡಿಯಬಹುದು. 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಇದ್ದರೆ ಹರಳನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಉರುಟು ಗುಳ್ಳೆಗಳಿದ್ದರೆ, ಅಂಚುಗಳು ಚೂಪಾಗಿಲ್ಲದೆ ಸವೆದಂತಿದ್ದರೆ ಸಂಶಯ ಪಡಿ. ಬಿಡಿ ಹರಳಾದರೆ ತೂಕವನ್ನೂ ನೋಡಬಹುದು. 0.01 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿಯಲ್ಲಿ ಹರಳನ್ನು ತೂಗಿ. ಆಮೇಲೆ ನೀರಿನ ಲೋಟ ಇಟ್ಟು ಅಂಕೆಯನ್ನು ಸೊನ್ನೆಗೆ ತನ್ನಿ. ಹರಳಿಗೆ ತೆಳು ನೂಲು ಕಟ್ಟಿ, ತಳಕ್ಕೂ ಬದಿಗೂ ತಾಗದ ಹಾಗೆ ನೀರಲ್ಲಿ ಮುಳುಗಿಸಿ ಹಿಡಿಯಿರಿ. ಮೊದಲ ತೂಕವನ್ನು ಈಗ ಕಾಣುವ ಅಂಕೆಯಿಂದ ಭಾಗಿಸಿ. 2 ಗ್ರಾಂ, ಅಂದರೆ 10 ಕ್ಯಾರೆಟ್‌ನ ಮಾಣಿಕ್ಯಕ್ಕೆ 0.50 ಬರುತ್ತದೆ, ಉತ್ತರ 4. ನೀಲಕ್ಕೂ ಅಷ್ಟೇ. ಸಾಮಾನ್ಯ ಗಾಜು 2.5ರ ಆಸುಪಾಸು. ಪಚ್ಚೆ ಸುಮಾರು 2.7, ಗಾಜಿಗೆ ತೀರಾ ಹತ್ತಿರ, ಹಾಗಾಗಿ ಅದಕ್ಕೆ ಈ ಲೆಕ್ಕ ಸಾಲದು. ತುಂಬ ಸಣ್ಣ ಹರಳಿಗೂ ಸಾಲದು.

4 ಬಂತು ಅಂತ ಗಣಿಯ ಮಾಣಿಕ್ಯವೇ ಎನ್ನುವಂತಿಲ್ಲ. ಫ್ರಾನ್ಸಿನ ಆಗಸ್ಟ್ ವರ್ನ್ಯೂಯಿ ಅಲ್ಯೂಮಿನಿಯಂ ಆಕ್ಸೈಡ್ ಪುಡಿಯನ್ನು ಉರಿಯಲ್ಲಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು 1902ರಲ್ಲೇ ಪ್ರಕಟಿಸಿದ್ದರು. ಅದರ ತೂಕ, ಗಡಸುತನ, ಬಣ್ಣ ಎಲ್ಲವೂ ಗಣಿಯದರ ಹಾಗೆಯೇ. ಸೂಕ್ಷ್ಮದರ್ಶಕದಲ್ಲಿ ಕಾಣುವ ಬಾಗಿದ ಗೆರೆಗಳು ಅದನ್ನು ಬಿಟ್ಟುಕೊಡುತ್ತವೆ. ಅಜ್ಜಿಯ ಕಾಲದ ಬೆಂಡೋಲೆ ಅಂದ ಮಾತ್ರಕ್ಕೆ ಅದರ ಕೆಂಪು ಕಲ್ಲು ಗಣಿಯದ್ದೇ ಅಂತ ಹೇಳಲಾಗುವುದಿಲ್ಲ, ಅಲ್ವಾ?

ನನಗೆ ನಿಜವಾಗಿ ಸಂಕಟವಾಗುವುದು ಪರೀಕ್ಷೆ ಮಾಡಲು ಹೋಗಿ ಹಾಳಾದ ಒಡವೆ ಕಂಡಾಗ. ಬಿರುಕುಗಳಿಗೆ ಸೀಸದ ಗಾಜು ತುಂಬಿದ ಮಾಣಿಕ್ಯಗಳು ಈಗ ಪೇಟೆಯಲ್ಲಿವೆ. ಅವುಗಳಲ್ಲಿನ ಗಾಜನ್ನು ಲಿಂಬೆರಸವೇ ತಿಂದುಬಿಡುತ್ತದೆ. ಮುತ್ತು, ಹವಳಗಳನ್ನು ವಿನೆಗರ್‌ಗೆ ಹಾಕಿದರೆ ಮೇಲ್ಮೈ ಹೋಗುತ್ತದೆ. ಮುತ್ತನ್ನು ಹಲ್ಲಿಗೆ ಮೆಲ್ಲನೆ ಉಜ್ಜಿದರೆ ತರಿತರಿ ಅನಿಸುತ್ತದೆ, ಪ್ಲಾಸ್ಟಿಕ್ ನುಣುಪಾಗಿರುತ್ತದೆ. ಆದರೆ ಸಾಕಿ ಬೆಳೆಸಿದ ಮುತ್ತೂ ತರಿಯೇ. ಹಿಂಭಾಗ ಮುಚ್ಚಿ ಕಲ್ಲು ಕಟ್ಟಿದ ಹಳೆಯ ಒಡವೆಗಳನ್ನು ನೀರಿಗೆ ಹಾಕಲೇಬೇಡಿ. ಕಲ್ಲಿನ ಕೆಳಗೆ ಹೊಳಪಿಗೆಂದು ಇಟ್ಟ ತೆಳು ಹಾಳೆ ಇದ್ದರೆ ಅದು ಕಪ್ಪಾಗುತ್ತದೆ.

ಇನ್ನು ಹಾಲ್‌ಮಾರ್ಕ್. ಉಂಗುರದ ಮೇಲಿನ, ಅಕ್ಷರ ಮತ್ತು ಅಂಕೆ ಸೇರಿ 6 ಇರುವ ಗುರುತು ಚಿನ್ನಕ್ಕೆ ಮಾತ್ರ, ಹರಳಿಗೆ ಅಲ್ಲ. ಗಲ್ಫ್‌ನಿಂದ ತಂದದ್ದಿರಲಿ, ಊರಲ್ಲೇ ಕೊಂಡದ್ದಿರಲಿ, ಬೆಲೆ ಜಾಸ್ತಿ ಇದ್ದರೆ ಉಂಗುರಕ್ಕೆ ಕಟ್ಟಿಸುವ ಮೊದಲೇ ಲ್ಯಾಬಿನ ವರದಿ ಮಾಡಿಸಿ. ಅದರಲ್ಲಿ ಗಣಿಯದ್ದೋ ಬೆಳೆಸಿದ್ದೋ ಎಂಬುದರ ಜೊತೆ, ಬಣ್ಣ ಚೆನ್ನಾಗಿಸಲು ಬಿಸಿ ಮಾಡಿದ್ದಾರೆಯೇ, ಬಿರುಕು ತುಂಬಿದ್ದಾರೆಯೇ ಎಂಬುದನ್ನೂ ಓದಿ. ಕಟ್ಟಲು ಕೊಡುವಾಗ ಹರಳಿನ ತೂಕ ಮತ್ತು ಅಳತೆ ವರದಿಯಲ್ಲಿದ್ದಂತೆಯೇ ಇದೆಯೇ ಎಂದು ಅಕ್ಕಸಾಲಿಗರ ಎದುರಿಗೇ ನೋಡಿ, ಚೀಟಿಯಲ್ಲಿ ಬರೆಸಿಕೊಳ್ಳಿ.