ಕಾರ್ನ್‌ವಾಲಿಸ್ ಇಲ್ಲದ ‘ಕಾರ್ನ್‌ವಾಲಿಸ್ ಶರಣಾಗತಿ’

ಅಮೆರಿಕದ ಸಂಸತ್ ಭವನದಲ್ಲಿ, ಗುಮ್ಮಟದ ಕೆಳಗಿನ ದುಂಡು ಸಭಾಂಗಣದ ಗೋಡೆಯ ಮೇಲೆ 12 ಅಡಿ ಎತ್ತರ, 18 ಅಡಿ ಅಗಲದ ತೈಲಚಿತ್ರವೊಂದಿದೆ. ಹೆಸರು ‘ಲಾರ್ಡ್ ಕಾರ್ನ್‌ವಾಲಿಸ್ ಶರಣಾಗತಿ’. ಎಷ್ಟು ಹುಡುಕಿದರೂ ಕಾರ್ನ್‌ವಾಲಿಸ್ ಅದರಲ್ಲಿ ಸಿಗುವುದಿಲ್ಲ.

ಚಿತ್ರಕಾರ ಜಾನ್ ಟ್ರಂಬುಲ್ ಮರೆತು ಬಿಟ್ಟದ್ದಲ್ಲ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1781ರ ಅಕ್ಟೋಬರ್ 19ರಂದು ವರ್ಜೀನಿಯಾದ ಯಾರ್ಕ್‌ಟೌನಿನಲ್ಲಿ ಬ್ರಿಟಿಷ್ ಸೇನೆ ಆಯುಧ ಕೆಳಗಿಟ್ಟಾಗ ಅದರ ಸೇನಾಪತಿ ಕಾರ್ನ್‌ವಾಲಿಸ್ ಹೊರಗೆ ಬರಲೇ ಇಲ್ಲ. ಮೈಗೆ ಹುಷಾರಿಲ್ಲವೆಂದು ಓ’ಹಾರಾ ಎಂಬ ಅಧಿಕಾರಿಯನ್ನು ಕಳಿಸಿದ. ಓ’ಹಾರಾ ಮೊದಲು ಅಮೆರಿಕನ್ನರ ಜೊತೆಗೂಡಿ ಹೋರಾಡಿದ್ದ ಫ್ರೆಂಚ್ ಸೇನೆಯ ದಳಪತಿ ರೋಶಾಂಬೋ ಬಳಿ ಹೋದ. ಅವನು ಅಮೆರಿಕದ ಸೇನಾಪತಿ ವಾಷಿಂಗ್ಟನ್ನಿನತ್ತ ಕೈ ತೋರಿದ. ಬಂದವನು ಸೇನಾಪತಿಯಲ್ಲ ಎಂದು ಕಂಡ ವಾಷಿಂಗ್ಟನ್ ಅವನನ್ನು ತನ್ನ ಕೈಕೆಳಗಿನ ಬೆಂಜಮಿನ್ ಲಿಂಕನ್‌ನ ಬಳಿಗೆ ಕಳಿಸಿದ. ಹಿಂದಿನ ವರ್ಷ ಚಾರ್ಲ್ಸ್‌ಟನ್ನಿನಲ್ಲಿ ಬ್ರಿಟಿಷರಿಗೆ ಶರಣಾಗಿದ್ದವನು ಇದೇ ಲಿಂಕನ್. ಬಾವುಟ ಬಿಚ್ಚಿ ಹೊರನಡೆಯುವ ಮರ್ಯಾದೆಯನ್ನು ಅಂದು ಅವನಿಗೆ ಕೊಟ್ಟಿರಲಿಲ್ಲ. ಯಾರ್ಕ್‌ಟೌನಿನಲ್ಲಿ ಬ್ರಿಟಿಷರೂ ಬಾವುಟ ಸುತ್ತಿಕೊಂಡೇ ಬರಬೇಕಾಯಿತು. ಟ್ರಂಬುಲ್ ಚಿತ್ರದ ನಟ್ಟನಡುವೆ ಬಿಳಿ ಕುದುರೆಯ ಮೇಲೆ ಕೂತಿರುವುದು ಆ ಲಿಂಕನ್. ವಾಷಿಂಗ್ಟನ್ ಹಿಂದೆ, ಕಂದು ಕುದುರೆಯ ಮೇಲಿದ್ದಾನೆ.

ಟ್ರಂಬುಲ್ ಕೂಡ ಅಂದು ಅಲ್ಲಿರಲಿಲ್ಲ. ಆ ಕೊರತೆಯನ್ನು ಅವನು ಶ್ರಮದಿಂದ ತುಂಬಿಕೊಂಡ. ಅಮೆರಿಕದ ರಾಯಭಾರಿಯಾಗಿ ಪ್ಯಾರಿಸ್ಸಿನಲ್ಲಿದ್ದ ಜೆಫರ್ಸನ್‌ನ ಮನೆಯಲ್ಲಿ ಫ್ರೆಂಚ್ ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು ಒಬ್ಬೊಬ್ಬರ ಮುಖ ಬರೆದ. ಸಂಸತ್ತು ಈ ಕೆಲಸ ಒಪ್ಪಿಸಿದ್ದು 1817ರಲ್ಲಿ; ದೊಡ್ಡ ಚಿತ್ರ ಮುಗಿದದ್ದು 1820ರಲ್ಲಿ.

ಉಳಿದವರಿಗೆ ಇಷ್ಟು ತಾಳ್ಮೆ ಇರಲಿಲ್ಲ. 1781ರಲ್ಲೇ ಪ್ಯಾರಿಸ್ಸಿನಲ್ಲಿ ಅಚ್ಚಾದ ಚಿತ್ರವೊಂದರಲ್ಲಿ ಮಣ್ಣಿನ ದಿಬ್ಬಗಳ ರಕ್ಷಣೆಯಷ್ಟೇ ಇದ್ದ ಯಾರ್ಕ್‌ಟೌನ್ ಎಂಬ ಪುಟ್ಟ ಬಂದರು ಕಲ್ಲುಕೋಟೆಯ ಯುರೋಪಿಯನ್ ನಗರವಾಗಿದೆ. ವರ್ಸೇಲ್ಸ್ ಅರಮನೆಗಾಗಿ ಓಗುಸ್ತ್ ಕೂದೆ 1836ರಲ್ಲಿ ಬರೆದ ಚಿತ್ರದಲ್ಲಿ ರೋಶಾಂಬೋ ಅಪ್ಪಣೆ ಕೊಡುತ್ತಿದ್ದಾನೆ, ವಾಷಿಂಗ್ಟನ್ ಪಕ್ಕದಲ್ಲಿದ್ದಾನೆ. ಅಮೆರಿಕದ ಮನೆಗಳ ಗೋಡೆ ಸೇರಿದ ಅಗ್ಗದ ಮುದ್ರಿತ ಚಿತ್ರಗಳಲ್ಲಂತೂ ಕಾರ್ನ್‌ವಾಲಿಸ್ ತಾನೇ ಬಂದು ವಾಷಿಂಗ್ಟನ್ನಿಗೆ ಕತ್ತಿ ಒಪ್ಪಿಸುತ್ತಾನೆ. ಜನಕ್ಕೆ ಬೇಕಿದ್ದದ್ದು ಆ ದೃಶ್ಯ. ನನಗೆ ಮಾತ್ರ ಟ್ರಂಬುಲ್ ಬಿಟ್ಟ ಖಾಲಿ ಜಾಗವೇ ಹೆಚ್ಚು ಮಾತಾಡುತ್ತದೆ.

ಇಷ್ಟರಲ್ಲಿ ಕನ್ನಡದ ಓದುಗರಿಗೆ ಆ ಹೆಸರಿನ ಗುರುತು ಹತ್ತಿರಬೇಕು. ಇದೇ ಕಾರ್ನ್‌ವಾಲಿಸ್ 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. 1791ರಲ್ಲಿ ಬೆಂಗಳೂರು ಕೋಟೆ ಹಿಡಿದ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನಿಂದ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಮತ್ತು ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ. ಆ ಮಕ್ಕಳ ಒಪ್ಪಿಸುವಿಕೆಯನ್ನು ಬ್ರಿಟಿಷ್ ಕಲಾವಿದರು ಮತ್ತೆ ಮತ್ತೆ ಬರೆದರು. ಅವರಲ್ಲೊಬ್ಬ, ಲಂಡನ್ನಿನಲ್ಲಿ ನೆಲೆಸಿದ್ದ ಮ್ಯಾದರ್ ಬ್ರೌನ್, ಹುಟ್ಟಿದ್ದು ಅಮೆರಿಕದ ಬಾಸ್ಟನ್ನಿನಲ್ಲಿ. ಭಾರತವನ್ನು ಕಂಡವನೇ ಅಲ್ಲ. ಕಾರ್ನ್‌ವಾಲಿಸ್‌ನ ಸೇನೆಯೊಂದಿಗೇ ಬಂದಿದ್ದ ರಾಬರ್ಟ್ ಹೋಮ್‌ನ ಚಿತ್ರದಲ್ಲಿ ಹತ್ತು ಮತ್ತು ಎಂಟು ವರ್ಷದ ಆ ಹುಡುಗರನ್ನು ಡೇರೆಯ ಮುಂದೆ ಬರಮಾಡಿಕೊಳ್ಳುತ್ತಿರುವವನು ಕಾರ್ನ್‌ವಾಲಿಸ್. ಈ ಸಲ ಅವನಿಗೆ ಮೈ ಹುಷಾರಾಗಿತ್ತು.