ನೆಲಮಟ್ಟದ ಓಝೋನ್ ಅಂದರೆ ಏನು?

ಓಝೋನ್ ಅಂದ ಕೂಡಲೇ ಶಾಲೆಯಲ್ಲಿ ಓದಿದ ಓಝೋನ್ ಪದರ ನೆನಪಾಗುತ್ತೆ, ಅಲ್ವಾ? ಅದು ತುಂಬಾ ಮೇಲಿದೆ. ಸೂರ್ಯನ ನೇರಳಾತೀತ ಕಿರಣಗಳನ್ನು ತಡೆಯುತ್ತದೆ, ಅದು ಇರಲೇಬೇಕು. ಅದೇ ಅನಿಲ ನಾವು ಉಸಿರಾಡುವ ಗಾಳಿಯಲ್ಲಿ ಸೇರಿಕೊಂಡರೆ ಅದಕ್ಕೆ ನೆಲಮಟ್ಟದ ಓಝೋನ್ ಅನ್ನುತ್ತಾರೆ. ಗಂಟಲು ಕೆರೆಯುತ್ತದೆ, ಎದೆ ಬಿಗಿಯುತ್ತದೆ. ಅಸ್ತಮಾ ಇರುವ ಮಕ್ಕಳ ಪಾಡು ಹೇಳತೀರದು.

ಇದು ಯಾವ ಗಾಡಿಯ ಸೈಲೆನ್ಸರ್‌ನಿಂದಲೂ ನೇರವಾಗಿ ಬರುವುದಿಲ್ಲ. ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್‌ಗಳು, ಜೊತೆಗೆ ಪೆಟ್ರೋಲ್, ಪೇಂಟ್, ಥಿನ್ನರ್‌ಗಳ ಆವಿ, ಇವೆಲ್ಲ ಬಿಸಿಲಿನಲ್ಲಿ ಬೆರೆತು ಗಾಳಿಯಲ್ಲೇ ಓಝೋನ್ ತಯಾರಾಗುತ್ತದೆ. ಅದಕ್ಕೇ ಬಿಸಿಲು ಏರಿದ ಮಧ್ಯಾಹ್ನ ಇದು ಜಾಸ್ತಿ.

ಇದನ್ನು ಕಂಡುಹಿಡಿದ ಕಥೆ ಅಮೆರಿಕದ ಲಾಸ್ ಏಂಜಲೀಸ್ ನಗರದ್ದು. 1943ರ ಜುಲೈನಲ್ಲಿ ಊರಿಗೆ ಊರೇ ಮಬ್ಬಾಗಿ ಜನರ ಕಣ್ಣು ಉರಿಯತೊಡಗಿತು. ಯುದ್ಧದ ಕಾಲ, ಶತ್ರುಗಳು ವಿಷಾನಿಲ ಬಿಟ್ಟಿದ್ದಾರೆ ಅಂತ ಕೆಲವರು ಹೆದರಿದರು. ಆಮೇಲೆ ಕೃತಕ ರಬ್ಬರ್‌ಗೆ ಬೇಕಾದ ರಾಸಾಯನಿಕ ಮಾಡುವ ಕಾರ್ಖಾನೆಯೊಂದರ ಮೇಲೆ ಅನುಮಾನ ಬಂತು. ಅದನ್ನು ನಿಲ್ಲಿಸಿದರೂ ಮಬ್ಬು ಹೋಗಲಿಲ್ಲ. ಗುಟ್ಟು ಬಿಡಿಸಿದವರು ಆರಿ ಹಾಗೆನ್-ಸ್ಮಿತ್. ಅನಾನಸ್ ಹಣ್ಣಿನ ಪರಿಮಳ ಎಲ್ಲಿಂದ ಬರುತ್ತದೆ ಅಂತ ಹುಡುಕುತ್ತಿದ್ದ ರಸಾಯನಶಾಸ್ತ್ರಜ್ಞ! ಆ ಊರಿನಲ್ಲಿ ಓಝೋನ್ ತಾಗಿ ಟಯರುಗಳು ಬೇಗ ಬಿರುಕು ಬಿಡುತ್ತಿದ್ದವು. ಅವರು ರಬ್ಬರ್ ಪಟ್ಟಿಯನ್ನು ಬಗ್ಗಿಸಿಟ್ಟು, ಬಿರುಕು ಮೂಡಲು ಎಷ್ಟು ಹೊತ್ತು ಬೇಕು ಅಂತ ನೋಡಿಯೇ ಗಾಳಿಯಲ್ಲಿ ಓಝೋನ್ ಎಷ್ಟಿದೆ ಎಂದು ಅಳೆದರು. 1950ರ ದಶಕದ ಶುರುವಿನಲ್ಲಿ ಕಾರು ಮತ್ತು ಪೆಟ್ರೋಲ್ ಇದರ ಮೂಲ ಅಂತ ತೋರಿಸಿಕೊಟ್ಟರು. ಕಂಪನಿಗಳು ಸುಲಭವಾಗಿ ಒಪ್ಪಲಿಲ್ಲ.

ಓಝೋನನ್ನು ಹಿಡಿದು ಸೋಸುವುದಕ್ಕಾಗುವುದಿಲ್ಲ, ಅದನ್ನು ಹುಟ್ಟಿಸುವ ಸಾಮಗ್ರಿಯನ್ನೇ ಕಡಿಮೆ ಮಾಡಬೇಕು. ಆ ಊರು ಮಾಡಿದ್ದು ಇದನ್ನೇ. 1957ರಲ್ಲಿ ಹಿತ್ತಲಲ್ಲಿ ಕಸ ಸುಡುವುದನ್ನು ನಿಷೇಧಿಸಿದರು. 1975ರ ಮಾದರಿಯಿಂದ ಕಾರುಗಳಿಗೆ ಕೆಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆಯಲ್ಲಿರುವ ಕೆಟ್ಟ ಅನಿಲಗಳನ್ನು ಕಡಿಮೆ ಮಾಡುವ ಸಾಧನ ಬಂತು. ಪೆಟ್ರೋಲ್ ಬಂಕ್‌ನಲ್ಲಿ ಟ್ಯಾಂಕ್ ತುಂಬಿಸುವಾಗ ಮೂಗಿಗೆ ಬಡಿಯುವ ವಾಸನೆ ಇದೆಯಲ್ಲ, ಆ ಆವಿಯನ್ನು ವಾಪಸ್ ಎಳೆದುಕೊಳ್ಳುವ ನಳಿಕೆಯನ್ನೂ ಹಾಕಿಸಿದರು. ಇಷ್ಟು ಸಣ್ಣದನ್ನೂ ಬಿಡಲಿಲ್ಲ ಅನ್ನುವುದೇ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

1955ರಲ್ಲಿ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಓಝೋನ್ 0.68 ಭಾಗ ಮುಟ್ಟಿತ್ತು. 1970ರ ದಶಕದಲ್ಲಿ, 0.20 ದಾಟಿತು ಅಂತ ಎಚ್ಚರಿಕೆ ಕೊಡಬೇಕಾದ ದಿನಗಳು ಒಂದೇ ವರ್ಷದಲ್ಲಿ ನೂರಕ್ಕೂ ಹೆಚ್ಚಾಗಿದ್ದವು. ಈಗ ಅಂಥ ದಿನಗಳು ಇಲ್ಲವೆಂದೇ ಹೇಳಬಹುದು, ಅದೂ ಜನ ಮತ್ತು ಕಾರು ಎರಡೂ ಹೆಚ್ಚಿದ ಮೇಲೆ!

ಆದರೆ ಕೆಲಸ ಮುಗಿದಿಲ್ಲ. 2015ರಲ್ಲಿ ಅಮೆರಿಕ ಓಝೋನಿನ ಎಂಟು ಗಂಟೆಗಳ ಸರಾಸರಿ ಮಿತಿಯನ್ನು ಹತ್ತು ಲಕ್ಷಕ್ಕೆ 0.070 ಭಾಗಕ್ಕೆ ಇಳಿಸಿತು. ಆ ಪ್ರದೇಶ ಅದನ್ನು ಇನ್ನೂ ಎಷ್ಟೋ ದಿನ ಮೀರುತ್ತದೆ. ಕಡಲ ಗಾಳಿ ನಗರದ ಹೊಗೆಯನ್ನು ಒಳನಾಡಿಗೆ ತಳ್ಳುತ್ತದೆ, ದಾರಿಯುದ್ದಕ್ಕೂ ಬಿಸಿಲಿನಲ್ಲಿ ಓಝೋನ್ ಬೆಳೆಯುತ್ತದೆ, ಮುಂದೆ ಬೆಟ್ಟಗಳು ಅಡ್ಡ ನಿಲ್ಲುತ್ತವೆ. ಹಾಗಾಗಿ ಜಾಸ್ತಿ ಪೆಟ್ಟು ಬೀಳುವುದು ಬೆಟ್ಟದ ಬುಡದ ಸ್ಯಾನ್ ಬರ್ನಾರ್ಡಿನೋ ಕಡೆಯವರಿಗೆ.